ಬಿಚ್ಚಲು ಬರುತ್ತದೆ, ಹಾಕಿಕೊಳ್ಳಲು ಬರುವುದಿಲ್ಲ: ನಾಲ್ಕು ವರ್ಷದ ಮಗನ ಬಟ್ಟೆ ರಗಳೆ

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ ಎರಡು ತಿಂಗಳು. ಹೊರಗಿನಿಂದ ಬಂದ ಕೂಡಲೇ ಮೈಮೇಲಿನ ಬಟ್ಟೆಯನ್ನೆಲ್ಲ ತಾನೇ ಕಿತ್ತೆಸೆಯುತ್ತಾನೆ. ಹಾಕಿಕೊಳ್ಳುವುದು ಮಾತ್ರ ಆಗುವುದಿಲ್ಲ. ಚಡ್ಡಿಯ ಒಂದೇ ಕಾಲಿನೊಳಗೆ ಎರಡೂ ಕಾಲು ತೂರಿಸುತ್ತಾನೆ. ಟೀ ಶರ್ಟಿನೊಳಗೆ ತಲೆ ಹಾಕಿ, ತೋಳು ಸಿಗದೆ ಸಿಕ್ಕಿಕೊಂಡು ಅಳುತ್ತಾನೆ. ಕಾಲುಚೀಲ ಎಂದರೆ ರಂಪ. ಆದರೆ ಶಿಶುವಿಹಾರದಲ್ಲಿ ಮೇಲಂಗಿಯನ್ನು ತಾನೇ ಹಾಕಿಕೊಳ್ಳುತ್ತಾನೆ ಎಂದು ಶಿಕ್ಷಕಿ ಹೇಳುತ್ತಾರೆ. ಮನೆಯಲ್ಲಿ ‘ಅಮ್ಮ, ನೀನೇ ಹಾಕು’ ಎಂದು ನೆಲದ ಮೇಲೆ ಮಲಗಿಬಿಡುತ್ತಾನೆ. ಎಂಟು ತಿಂಗಳ ತಂಗಿ ಇದ್ದಾಳೆ, ಬೆಳಗಿನ ಹೊತ್ತು ಯುದ್ಧವೇ ಆಗುತ್ತದೆ. ‘ಎಲ್ಲ ಮಾಡಿಕೊಟ್ಟು ಸೋಮಾರಿ ಮಾಡಿದ್ದೀಯ’ ಎನ್ನುತ್ತಾರೆ ಅವನ ಅಜ್ಜಿ. ‘ಗಂಡುಮಕ್ಕಳು ನಿಧಾನ, ಬಿಡು’ ಎನ್ನುತ್ತಾರೆ ಅವನ ಅಪ್ಪ. ಅಕ್ಕನ ಮಗಳು ಮೂರು ವರ್ಷಕ್ಕೇ ಎಲ್ಲವನ್ನೂ ಹಾಕಿಕೊಳ್ಳುತ್ತಿದ್ದಳು. ಇದು ಹಟವೇ, ಸೋಮಾರಿತನವೇ, ಅಥವಾ ಏನಾದರೂ ತೊಂದರೆ ಇದೆಯೇ? ನಾನು ಎಷ್ಟು ಒತ್ತಾಯ ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಶಿಕ್ಷಕಿಯ ಮಾತಿನ ಮೇಲೆ. ಮೇಲಂಗಿ ಹಾಕಿಕೊಳ್ಳಬೇಕಾದರೆ ಒಂದು ಕೈಯಲ್ಲಿ ಬಟ್ಟೆ ಹಿಡಿದು ಇನ್ನೊಂದು ಕೈಯನ್ನು ಬೆನ್ನ ಹಿಂದೆ ಒಯ್ದು ತೋಳು ಹುಡುಕಬೇಕು. ಅಷ್ಟು ಮಾಡಬಲ್ಲ ಮಗುವಿನ ಭುಜ, ಕೈ, ಎರಡೂ ಕೈಗಳ ಹೊಂದಾಣಿಕೆ ಚೆನ್ನಾಗಿಯೇ ಕೆಲಸ ಮಾಡುತ್ತಿವೆ ಎಂದು ಧೈರ್ಯವಾಗಿ ಹೇಳಬಹುದು. ಹಾಗೆಂದು ಅವನು ಮನೆಯಲ್ಲಿ ನಾಟಕವಾಡುತ್ತಿದ್ದಾನೆ ಎಂದುಕೊಳ್ಳಬೇಡಿ. ಇಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಕೆಲವು ಬಟ್ಟೆಗಳನ್ನು ಹಾಕಿಕೊಳ್ಳಲು ಅವನಿಗೆ ನಿಜವಾಗಿಯೂ ಬರುವುದಿಲ್ಲ. ಬರುವಂಥ ಕೆಲವನ್ನು ನಿಮ್ಮ ಕೈಯಿಂದಲೇ ಹಾಕಿಸಿಕೊಳ್ಳಬೇಕು ಎಂದು ಆಸೆಪಡುತ್ತಾನೆ. ಎರಡನ್ನೂ ಹಟ ಎಂದು ಕರೆದು ಒಂದೇ ಮದ್ದು ಕೊಟ್ಟರೆ ಯಾವುದೂ ಗುಣವಾಗುವುದಿಲ್ಲ.

ಮೊದಲು ಮನೆಯವರ ಮಾತುಗಳನ್ನು ನೋಡೋಣ. ಸೋಮಾರಿತನ ಎಂಬ ಪದವನ್ನು ಈ ವಯಸ್ಸಿನ ಮಕ್ಕಳಿಗೆ ನಾನು ಬಳಸುವುದೇ ಇಲ್ಲ. ಮಗು ಒಂದು ಕೆಲಸದಿಂದ ಮತ್ತೆ ಮತ್ತೆ ತಪ್ಪಿಸಿಕೊಳ್ಳುತ್ತಿದ್ದರೆ ಆ ಕೆಲಸ ಅದಕ್ಕೆ ಕಷ್ಟವಾಗಿರುತ್ತದೆ, ಮೈಗೆ ಹಿತವಾಗಿರುವುದಿಲ್ಲ, ಇಲ್ಲವೇ ನೀವು ಜೊತೆಗಿರಬೇಕು ಎಂಬ ಬಯಕೆ ಇರುತ್ತದೆ. ನಿಮ್ಮ ಮಗನಲ್ಲಿ ಈ ಮೂರೂ ಇರುವಂತೆ ನನಗೆ ತೋರುತ್ತದೆ: ಟೀ ಶರ್ಟು ಕಷ್ಟ, ಕಾಲುಚೀಲ ಅಹಿತ, ‘ನೀನೇ ಹಾಕು’ ಎಂಬುದು ಬಯಕೆ. ಗಂಡುಮಕ್ಕಳು ನಿಧಾನ ಎಂಬ ಮಾತಿನಲ್ಲಿ ಎಳ್ಳಷ್ಟು ನಿಜವಿದೆ. ಬೆರಳುಗಳ ಸೂಕ್ಷ್ಮ ಕೆಲಸದಲ್ಲಿ ಹೆಣ್ಣುಮಕ್ಕಳು ಸರಾಸರಿಯಲ್ಲಿ ತುಸು ಮುಂದಿರುತ್ತಾರೆ. ಆದರೆ ಒಂದು ಮಗುವಿಗೂ ಇನ್ನೊಂದಕ್ಕೂ ಇರುವ ಅಂತರ ಅದಕ್ಕಿಂತ ಎಷ್ಟೋ ದೊಡ್ಡದು. ಗಂಡು ಎಂಬ ಕಾರಣಕ್ಕೆ ಕಲಿಸುವುದನ್ನು ಮುಂದಕ್ಕೆ ಹಾಕಿದರೆ ನಷ್ಟ ಅವನಿಗೇ. ಅಕ್ಕನ ಮಗಳ ಹೋಲಿಕೆಯನ್ನು ಪಕ್ಕಕ್ಕಿಡಿ. ಅವಳು ಯಾವ ಬಟ್ಟೆ ಹಾಕಿಕೊಳ್ಳುತ್ತಿದ್ದಳು, ಯಾರು ಎಷ್ಟು ಹೊತ್ತು ಪಕ್ಕದಲ್ಲಿ ಕುಳಿತಿದ್ದರು ಎಂಬುದು ಈಗ ಯಾರಿಗೂ ನೆನಪಿರುವುದಿಲ್ಲ.

ಬಿಚ್ಚಲು ಬಂದರೆ ಹಾಕಿಕೊಳ್ಳಲೂ ಬರಬೇಕು ಎಂಬುದು ನಾನು ತುಂಬ ಕೇಳುವ ತಪ್ಪು ತಿಳಿವಳಿಕೆ. ಬಿಚ್ಚುವಾಗ ಮುಂದೆ ಯಾವುದು, ಹಿಂದೆ ಯಾವುದು ಎಂದು ಯೋಚಿಸಬೇಕಾಗಿಲ್ಲ. ಎಳೆದರೆ ಬಂತು, ಮುದ್ದೆಯಾಗಿ ಬಿದ್ದರೂ ಯಾರೂ ಕೇಳುವುದಿಲ್ಲ. ಹಾಕಿಕೊಳ್ಳುವಾಗ ಬಟ್ಟೆಯ ಮೇಲು ಕೆಳಗು, ಒಳಗು ಹೊರಗು, ಮುಂದು ಹಿಂದು ತಿಳಿಯಬೇಕು. ಯಾವ ಅಂಗ ಯಾವ ತೂತಿಗೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಬೇಕು. ಅದನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು. ಹೀಗಾಗಿ ಎಲ್ಲ ಮಕ್ಕಳಲ್ಲೂ ಬಿಚ್ಚುವುದು ಮೊದಲು ಬರುತ್ತದೆ. ಒಂದು ವರ್ಷದ ಸುಮಾರಿಗೆ ಮಗು ಅಂಗಿ ತೊಡಿಸುವಾಗ ತಾನಾಗಿ ಕೈ ಚಾಚುತ್ತದೆ. ಒಂದೂವರೆಯ ಹೊತ್ತಿಗೆ ಟೋಪಿ, ಕಾಲುಚೀಲ ಕಿತ್ತೆಸೆಯುತ್ತದೆ. ಎರಡೂವರೆಗೆ ಸಡಿಲ ಚಡ್ಡಿಯನ್ನೂ ಮುಂದೆ ತೆರೆದಿರುವ ಮೇಲಂಗಿಯನ್ನೂ ಕಳಚುತ್ತದೆ. ಅವನ್ನೇ ಹಾಕಿಕೊಳ್ಳುವುದು ಮೂರರ ಆಸುಪಾಸಿನಲ್ಲಿ. ನಾಲ್ಕಕ್ಕೆ ಕೆಲವು ಗುಂಡಿ ಬಿಚ್ಚುತ್ತದೆ, ಐದಕ್ಕೆ ಕೆಲವು ಗುಂಡಿ ಹಾಕುತ್ತದೆ. ಷೂ ಲೇಸು ಕಟ್ಟುವುದು ಐದಾದ ಮೇಲಿನ ಮಾತು, ಅನೇಕರಿಗೆ ಆರೇಳು ವರ್ಷವೂ ಆಗುತ್ತದೆ. ಇವೆಲ್ಲ ಅಂದಾಜಿನ ಗುರುತುಗಳು, ಕೆಲವು ತಿಂಗಳು ಆಚೀಚೆ ಆಗುವುದು ಸಹಜ. ಈ ಲೆಕ್ಕದಲ್ಲಿ ನಿಮ್ಮ ಮಗ ಮೇಲಂಗಿಯಲ್ಲಿ ಸರಿಯಾಗಿದ್ದಾನೆ, ಚಡ್ಡಿಯಲ್ಲಿ ತುಸು ಹಿಂದಿದ್ದಾನೆ. ಗಾಬರಿಪಡುವಷ್ಟು ಹಿಂದೆ ಅಲ್ಲ, ಆದರೆ ತಾನಾಗಿ ಬರಲಿ ಎಂದು ಕಾಯುವುದಕ್ಕಿಂತ ಈಗ ಕಲಿಸುವುದು ಒಳ್ಳೆಯದು.

ಟೀ ಶರ್ಟಿನೊಳಗೆ ಅವನು ಅಳುವುದು ಏಕೆ ಎಂಬುದನ್ನು ಹತ್ತಿರದಿಂದ ನೋಡಿ. ತಲೆ ಒಳಗೆ ಹೋದ ಕ್ಷಣ ಕಣ್ಣು ಮುಚ್ಚುತ್ತದೆ. ಮುಖದ ಮೇಲೆ ಬಟ್ಟೆ ಒತ್ತುತ್ತದೆ, ಉಸಿರು ಬಿಸಿಯಾಗಿ ಮುಖಕ್ಕೇ ಬಡಿಯುತ್ತದೆ. ಕಾಣದ ಒಂದು ತೋಳಿನ ಬಾಯಿಯನ್ನು ಕಾಣದ ಕೈಯಿಂದ ಹುಡುಕಬೇಕು. ದೊಡ್ಡವರಾದ ನಾವು ಇದನ್ನು ಸಲೀಸಾಗಿ ಮಾಡುತ್ತೇವೆ, ಏಕೆಂದರೆ ನೋಡದಿದ್ದರೂ ಕೈ ಎಲ್ಲಿದೆ, ಮೊಣಕೈ ಎಷ್ಟು ಮಡಚಿದೆ ಎಂಬ ಸುದ್ದಿ ಸ್ನಾಯುಗಳಿಂದಲೂ ಕೀಲುಗಳಿಂದಲೂ ಮಿದುಳಿಗೆ ಹೋಗುತ್ತಿರುತ್ತದೆ. ನಾಲ್ಕರ ವಯಸ್ಸಿನಲ್ಲಿ ಆ ಅರಿವು ಇನ್ನೂ ಪಕ್ವವಾಗುತ್ತಿರುತ್ತದೆ. ಶಿಶುವಿಹಾರದ ಮೇಲಂಗಿ ಮುಂದೆ ತೆರೆದಿರುತ್ತದೆ, ಕಣ್ಣು ಮುಚ್ಚುವ ಮಾತೇ ಇಲ್ಲ. ಒಂದು ಬರುತ್ತದೆ, ಇನ್ನೊಂದು ಬರುವುದಿಲ್ಲ ಎಂಬುದರಲ್ಲಿ ವಿಚಿತ್ರವೇನೂ ಇಲ್ಲ.

ಚಡ್ಡಿಯ ಕತೆ ಬೇರೆ. ನಿಂತು ಚಡ್ಡಿ ಹಾಕಿಕೊಳ್ಳಬೇಕಾದರೆ ಒಂಟಿಗಾಲಿನಲ್ಲಿ ನಿಲ್ಲಬೇಕು. ಮೂರು ವರ್ಷದ ಮಗು ಹಾಗೆ ಒಂದೆರಡು ಸೆಕೆಂಡು ನಿಂತರೆ ಹೆಚ್ಚು, ಹತ್ತು ಸೆಕೆಂಡು ನಿಲ್ಲುವುದು ಐದರ ಹೊತ್ತಿಗೆ. ಬೀಳದಂತೆ ಗೋಡೆಯನ್ನೋ ನಿಮ್ಮ ಭುಜವನ್ನೋ ಹಿಡಿದರೆ ಬಟ್ಟೆ ಹಿಡಿಯಲು ಒಂದೇ ಕೈ ಉಳಿಯುತ್ತದೆ. ಆ ಒಂದು ಕೈಯಲ್ಲಿ ಜೋತುಬಿದ್ದ ಚಡ್ಡಿಯ ಎರಡು ತೂತುಗಳು ಒಂದರ ಮೇಲೊಂದು ಮಡಚಿಕೊಳ್ಳುತ್ತವೆ, ಎರಡೂ ಕಾಲು ಒಂದೇ ಕಡೆ ಹೋಗುತ್ತವೆ. ಎಷ್ಟೋ ಮನೆಗಳಲ್ಲಿ ಮಗುವನ್ನು ಕೂರಿಸಿದ ದಿನವೇ ಈ ತೊಂದರೆ ಅರ್ಧಕ್ಕೆ ಇಳಿಯುವುದನ್ನು ನಾನು ನೋಡಿದ್ದೇನೆ.

ಇನ್ನು ‘ಅಮ್ಮ, ನೀನೇ ಹಾಕು’. ಎಂಟು ತಿಂಗಳ ತಂಗಿಯನ್ನು ದಿನವಿಡೀ ಎತ್ತಿ, ಒರೆಸಿ, ಮಾತಾಡಿಸುತ್ತ ಬಟ್ಟೆ ತೊಡಿಸುವುದನ್ನು ಅವನು ನೋಡುತ್ತಿದ್ದಾನೆ. ತನಗೆ ಉಳಿದಿರುವ ಅಂಥ ಹೊತ್ತು ಬಟ್ಟೆ ಹಾಕುವಾಗಿನ ಆ ಕೆಲವು ನಿಮಿಷ. ತಾನೇ ಹಾಕಿಕೊಂಡರೆ ಅದೂ ಕೈತಪ್ಪುತ್ತದೆ. ಶಿಶುವಿಹಾರದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ, ಮೇಲಂಗಿ ಹಾಕಿಕೊಂಡರೆ ಆಟಕ್ಕೆ ಹೋಗಬಹುದು. ಇದನ್ನು ಅವನು ಹೀಗೆಲ್ಲ ಲೆಕ್ಕ ಹಾಕಿ ಮಾಡುವುದಿಲ್ಲ, ಅವನ ನಡವಳಿಕೆಯಲ್ಲಿ ಅದು ಕಾಣುತ್ತದೆ. ತಮ್ಮನೋ ತಂಗಿಯೋ ಬಂದ ಮೇಲೆ ಬರುತ್ತಿದ್ದ ಕೆಲಸವನ್ನು ದೊಡ್ಡ ಮಗು ಬಿಟ್ಟುಬಿಡುವುದು ಮಕ್ಕಳ ಜೊತೆ ಕೆಲಸ ಮಾಡುವ ನಮಗೆಲ್ಲ ಪರಿಚಿತ ಸಂಗತಿ. ಇದಕ್ಕೆ ಪಾಠ ಬೇಕಿಲ್ಲ. ಸ್ನಾನವಾದ ಮೇಲೆ ಐದು ನಿಮಿಷ, ತಂಗಿ ಬೇರೆಯವರ ಕೈಯಲ್ಲಿರುವಾಗ, ಅವನೊಬ್ಬನ ಜೊತೆ ಕುಳಿತುಕೊಳ್ಳಿ. ಟವೆಲಿನಲ್ಲಿ ಸುತ್ತಿ ಗಟ್ಟಿಯಾಗಿ ಒರೆಸಿ, ಮಾತಾಡಿ. ಬಟ್ಟೆಯ ಮಾತು ಆಮೇಲೆ ಬರಲಿ. ನಿಮ್ಮ ಹತ್ತಿರ ಕೂರಲು ಅಸಹಾಯಕನಾಗಬೇಕಿಲ್ಲ ಎಂಬುದು ಅವನಿಗೆ ಅನುಭವದಿಂದ ತಿಳಿಯಬೇಕು.

ಈಗ ನಿಮ್ಮ ಮುಂದಿರುವ ದಾರಿಗಳು. ಈಗಿನಂತೆ ನೀವೇ ಹಾಕುತ್ತ ಹೋಗಬಹುದು. ಬೆಳಗ್ಗೆ ಶಾಂತಿ ಇರುತ್ತದೆ, ಹೊತ್ತಿಗೆ ಸರಿಯಾಗಿ ಹೊರಡುತ್ತೀರಿ. ಆದರೆ ಅವನಿಗೆ ಅಭ್ಯಾಸವೇ ಆಗುವುದಿಲ್ಲ, ದೊಡ್ಡ ಶಾಲೆಗೆ ಸೇರಿದಾಗ ಶೌಚಾಲಯದಲ್ಲಿ ಚಡ್ಡಿ ಏರಿಸಿಕೊಳ್ಳಲಾರದೆ ಮುಜುಗರಕ್ಕೆ ಒಳಗಾಗುತ್ತಾನೆ. ಇದಕ್ಕೆ ವಿರುದ್ಧವಾಗಿ, ‘ಇಂದಿನಿಂದ ನೀನೇ ಹಾಕಿಕೋ’ ಎಂದು ಒಮ್ಮೆಲೇ ಕೈ ತೆಗೆದುಬಿಡಬಹುದು. ಕೆಲವು ಮಕ್ಕಳು ಇದರಿಂದಲೇ ಕಲಿಯುತ್ತಾರೆ ಎಂಬುದು ನಿಜ. ನಿಮ್ಮ ಮಗನಿಗೆ ಇದನ್ನು ನಾನು ಹೇಳಲಾರೆ. ಬಾರದ ಕೆಲಸವನ್ನು ಒತ್ತಾಯದಿಂದ ಮಾಡಿಸಿದರೆ ಅವನು ಕಲಿಯುವುದು ಸೋಲನ್ನು, ಬಟ್ಟೆಯೆಂದರೆ ಜಗಳ ಎಂಬುದನ್ನು. ತಂಗಿಗೆ ಹಾಕುವ ಅಮ್ಮ ನನಗೆ ಹಾಕುವುದಿಲ್ಲ ಎಂಬ ನೋವೂ ಅದಕ್ಕೆ ಸೇರುತ್ತದೆ.

ನಾನು ಹೇಳುವ ದಾರಿ ಇವೆರಡರ ನಡುವಿನದು. ಕೆಲಸದ ಕೊನೆಯ ಹೆಜ್ಜೆಯನ್ನು ಮಾತ್ರ ಮಗುವಿಗೆ ಬಿಡುವುದು, ಅಲ್ಲಿಂದ ಹಿಂದಕ್ಕೆ ಬರುತ್ತ ಹೋಗುವುದು. ಚಡ್ಡಿಯನ್ನೇ ತೆಗೆದುಕೊಳ್ಳಿ. ಎರಡೂ ಕಾಲು ತೂರಿಸಿ, ಸೊಂಟದ ಹತ್ತಿರದವರೆಗೆ ನೀವೇ ಏರಿಸಿ. ಕೊನೆಯ ಒಂದು ಎಳೆತ ಅವನದು. ಅದು ಸಲೀಸಾದ ಮೇಲೆ ತೊಡೆಯವರೆಗೆ ತಂದು ಬಿಡಿ, ಕೆಲವು ದಿನ ಕಳೆದು ಮೊಣಕಾಲಿನವರೆಗೆ, ಆಮೇಲೆ ಪಾದದ ಗಂಟಿನವರೆಗೆ. ಕೊನೆಗೆ ಚಡ್ಡಿಯನ್ನು ನೆಲದ ಮೇಲೆ ಹರಡಿಕೊಡುವುದಷ್ಟೇ ನಿಮ್ಮ ಪಾಲು. ಮೊದಲ ಹೆಜ್ಜೆಯಿಂದ ಕಲಿಸಲು ಹೊರಟರೆ ಮಗು ಅತ್ಯಂತ ಕಷ್ಟದ ಜಾಗದಲ್ಲೇ ಸುಸ್ತಾಗುತ್ತದೆ, ನೀವು ಬಂದು ಮುಗಿಸುತ್ತೀರಿ, ಗೆಲುವು ನಿಮ್ಮದಾಗುತ್ತದೆ. ಕೊನೆಯ ಹೆಜ್ಜೆಯಿಂದ ಹೊರಟರೆ ಪ್ರತಿ ಸಲವೂ ಕೆಲಸ ಮುಗಿಯುವುದು ಅವನ ಕೈಯಲ್ಲಿ. ಇದರಲ್ಲೂ ಒಂದು ಅಪಾಯವಿದೆ: ಸಹಾಯ ಮಾಡುವವರು ಒಂದು ಹಂತದಲ್ಲೇ ನಿಂತುಬಿಡುತ್ತಾರೆ. ಒಂದು ಹೆಜ್ಜೆ ಮೂರು ನಾಲ್ಕು ದಿನ ಬಿಡದೆ ಸಲೀಸಾಗಿ ಬಂದರೆ ಹಿಂದಕ್ಕೆ ಸರಿಯಿರಿ. ಅಳು ಬಂದರೆ ಒಂದು ಹೆಜ್ಜೆ ಮುಂದಕ್ಕೆ ಬನ್ನಿ, ಅದು ಸೋಲಲ್ಲ.

ಕೂರಿಸುವ ಜಾಗದ ಬಗ್ಗೆ ಒಂದು ಮಾತು. ಮೆತ್ತನೆಯ ಹಾಸಿಗೆ ಬೇಡ, ಅದರಲ್ಲಿ ಮೈ ಕುಸಿಯುತ್ತದೆ. ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಅಥವಾ ಪಾದ ಪೂರ್ತಿ ನೆಲಕ್ಕೆ ತಾಗುವ ಪುಟ್ಟ ಸ್ಟೂಲಿನ ಮೇಲೆ ಕೂರಿಸಿ. ಚಡ್ಡಿಯ ಮುಂಭಾಗ ಮೇಲಕ್ಕೆ ಬರುವಂತೆ, ಸೊಂಟದ ಪಟ್ಟಿ ಅವನ ಕಡೆಗೆ ಇರುವಂತೆ ಹರಡಿ. ಎರಡು ಸುರಂಗ, ಒಂದೊಂದಕ್ಕೆ ಒಂದೊಂದು ರೈಲು ಎಂದರೆ ಈ ವಯಸ್ಸಿನವರಿಗೆ ತಟ್ಟನೆ ಅರ್ಥವಾಗುತ್ತದೆ. ಕಾಲ್ಬೆರಳು ಆಚೆ ಬದಿಯಿಂದ ಇಣುಕಿದ ಮೇಲೆಯೇ ಎರಡನೆಯ ಕಾಲು. ಮೊಣಕಾಲು ದಾಟಿದ ಮೇಲೆ ಎದ್ದು ನಿಂತು ಏರಿಸಿಕೊಳ್ಳಲಿ. ಹಿಂಭಾಗ ಸಿಕ್ಕಿಹಾಕಿಕೊಳ್ಳುವುದು ಎಲ್ಲರಿಗೂ ಆಗುತ್ತದೆ, ಮಕ್ಕಳು ಮುಂದಿನಿಂದ ಮಾತ್ರ ಎಳೆಯುತ್ತಾರೆ. ಒಂದು ಕೈಯನ್ನು ಬೆನ್ನ ಹಿಂದೆ ಒಯ್ದು ಪಟ್ಟಿಯೊಳಗೆ ಹೆಬ್ಬೆರಳು ತೂರಿಸುವುದನ್ನು ಅವನ ಕೈ ಹಿಡಿದು ತೋರಿಸಿ.

ಟೀ ಶರ್ಟಿಗೆ ಮೊದಲು ಬಟ್ಟೆಯನ್ನೇ ಬದಲಿಸಿ. ಕತ್ತು ಅಗಲವಾಗಿರುವ, ಒಂದು ಅಳತೆ ದೊಡ್ಡದಾದ, ಹಿಗ್ಗುವ ಬಟ್ಟೆಯ ಅಂಗಿ ಆರಿಸಿ. ಮುಂಭಾಗದಲ್ಲಿ ಚಿತ್ರವಿದ್ದರೆ ಒಳ್ಳೆಯದು. ಚಿತ್ರ ಕೆಳಗಾಗುವಂತೆ, ಕೆಳಗಿನ ಅಂಚು ಅವನ ಕಡೆಗೆ ಬರುವಂತೆ ಕವುಚಿ ಹಾಸಿ. ಮೊದಲು ಎರಡೂ ಕೈ ತೋಳಿನೊಳಗೆ ಹೋಗಲಿ, ಕೈ ಆಚೆ ಬಂದ ಮೇಲೆ ತಲೆ. ತಲೆ ಮೊದಲು ಎಂಬ ಕ್ರಮವನ್ನು ಹೀಗೆ ತಿರುಗಿಸಿದರೆ ಕತ್ತಲೆಯಲ್ಲಿ ಹುಡುಕುವ ಕೆಲಸ ಉಳಿಯುವುದಿಲ್ಲ. ತಲೆ ಬಟ್ಟೆಯೊಳಗೆ ಇರುವುದು ಒಂದು ಕ್ಷಣ ಮಾತ್ರ. ಎಲ್ಲ ಮಕ್ಕಳಿಗೂ ಇದು ಹಿಡಿಸುವುದಿಲ್ಲ, ತೋಳು ಚಿಕ್ಕದಾಗಿ ಬಿಗಿಯಾಗಿರುವ ಅಂಗಿಗಳಲ್ಲಿ ಇದು ಇನ್ನೂ ಕಷ್ಟ. ಹಾಗಿದ್ದರೆ ತಲೆಯನ್ನು ನೀವು ತೂರಿಸಿ, ಮುಖ ಹೊರಬಂದ ಮೇಲೆ ತೋಳುಗಳನ್ನು ಅವನಿಗೆ ಬಿಡಿ.

ಕಾಲುಚೀಲದ ರಂಪದಲ್ಲಿ ಹಟ ಹುಡುಕುವ ಮೊದಲು ಅದನ್ನು ಒಳಗು ಹೊರಗು ಮಾಡಿ ಬೆರಳಿನ ತುದಿಯ ಹೊಲಿಗೆಯನ್ನು ಮುಟ್ಟಿ ನೋಡಿ. ನಮಗೆ ಗೊತ್ತೇ ಆಗದ ಆ ಗೆರೆ ಕೆಲವು ಮಕ್ಕಳಿಗೆ ದಿನವಿಡೀ ಚುಚ್ಚುತ್ತದೆ. ಕತ್ತಿನ ಹಿಂದಿನ ಲೇಬಲ್ಲು, ಗಟ್ಟಿ ಎಲಾಸ್ಟಿಕ್, ಒರಟು ಬಟ್ಟೆ ಕೂಡ ಹೀಗೆಯೇ. ಎಲ್ಲಿ ಚುಚ್ಚುತ್ತದೆ ಎಂದು ಕೇಳಿ, ಬೆರಳಿಟ್ಟು ತೋರಿಸಲು ಹೇಳಿ. ಹೊಲಿಗೆ ಹೊರಗೆ ಬರುವಂತೆ ತಿರುಗಿಸಿ ಹಾಕಿದರೆ ರಂಪ ನಿಲ್ಲುವುದಾದರೆ ಕಾರಣ ಸಿಕ್ಕಿತು ಎಂದೇ ಅರ್ಥ. ಹಾಕುವ ಮೊದಲು ಪಾದವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಒತ್ತುವುದೂ ಕೆಲವರಿಗೆ ಹಿತ ತರುತ್ತದೆ. ಮೃದುವಾಗಿ ಸವರಬೇಡಿ, ಇಂಥ ಮಕ್ಕಳಿಗೆ ಅದು ಕಚಗುಳಿಗಿಂತ ಕಿರಿಕಿರಿ. ಕಲಿಸುವಾಗ ಕಾಲುಚೀಲವನ್ನು ಬೆರಳಿನವರೆಗೆ ಸುರುಳಿ ಸುತ್ತಿಕೊಟ್ಟು, ಹಿಮ್ಮಡಿ ದಾಟಿಸಿಕೊಟ್ಟು, ಮೇಲಕ್ಕೆ ಎಳೆದುಕೊಳ್ಳುವುದನ್ನು ಅವನಿಗೆ ಬಿಡಿ.

ಗುಂಡಿ, ಜಿಪ್ಪು, ಲೇಸಿಗೆ ಈಗ ಅವಸರ ಬೇಡ. ಗುಂಡಿಯನ್ನು ಆಟವಾಗಿ ಶುರುಮಾಡುವುದಾದರೆ ದೊಡ್ಡ ಗುಂಡಿ, ಸಡಿಲ ಕಾಜ ಇರಲಿ. ಅಂಗಿಯನ್ನು ತೊಡಿಸದೆ ತೊಡೆಯ ಮೇಲೆ ಇಟ್ಟುಕೊಂಡು ಮಾಡಲಿ, ಆಗ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ನೀವು ಗುಂಡಿಯನ್ನು ಕಾಜದೊಳಗೆ ಅರ್ಧ ತಳ್ಳಿ, ಆಚೆಯಿಂದ ಅವನು ಎಳೆದುಕೊಳ್ಳಲಿ. ಮೈಮೇಲೆ ಹಾಕಿಕೊಂಡಾಗ ಕೆಳಗಿನ ಗುಂಡಿಯಿಂದ ಮೇಲಕ್ಕೆ ಬರಲಿ, ಕತ್ತಿನ ಗುಂಡಿ ಅವನಿಗೆ ಕಾಣುವುದೇ ಇಲ್ಲ. ಗೊಂಬೆಯ ಬಟ್ಟೆಗೆ ಗುಂಡಿ ಹಾಕಿ ಕಲಿತ ಮಗು ತನ್ನ ಅಂಗಿಗೂ ಹಾಕಿಕೊಳ್ಳುತ್ತದೆ ಎಂದು ಹಲವರು ನಂಬುತ್ತಾರೆ. ಗೊಂಬೆ ಎದುರಿಗಿರುವಾಗ ಎಡ ಬಲ ಅದಲು ಬದಲಾಗಿರುತ್ತದೆ. ಬೆರಳಿಗೆ ಬಲ ಬರುತ್ತದೆ ನಿಜ, ಆದರೆ ಸ್ವಂತ ಅಂಗಿಯ ಮೇಲೆ ಬೇರೆಯಾಗಿಯೇ ಕಲಿಯಬೇಕು. ಎಂಟು ತಿಂಗಳ ಮಗು ಮನೆಯಲ್ಲಿರುವುದರಿಂದ ಬಿಡಿ ಗುಂಡಿಗಳನ್ನು ಆಟಕ್ಕೆ ಕೊಡಬೇಡಿ, ನುಂಗಿ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಕತ್ತಿನ ಸುತ್ತ ದಾರ ಅಥವಾ ಲಾಡಿ ಇರುವ ಅಂಗಿಗಳನ್ನೂ ಚಿಕ್ಕ ಮಕ್ಕಳಿಗೆ ಹಾಕಬಾರದು, ಜಾರುಬಂಡೆಯಲ್ಲೋ ಬಾಗಿಲಿನಲ್ಲೋ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ.

ಇದೆಲ್ಲವನ್ನೂ ಬೆಳಗ್ಗೆ ಕಲಿಸಲು ಹೋಗಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಗಡಿಯಾರ ನೋಡುತ್ತ ಕಲಿಸುವ ತಾಯಿಯ ಧ್ವನಿಯೇ ಬದಲಾಗಿರುತ್ತದೆ, ಮಗುವಿಗೆ ಅದು ತಿಳಿಯುತ್ತದೆ. ಸಂಜೆಯ ಸ್ನಾನದ ನಂತರ, ರಾತ್ರಿಯ ಸಡಿಲ ಬಟ್ಟೆ ಹಾಕುವ ಹೊತ್ತು ಕಲಿಕೆಗೆ ಹೇಳಿ ಮಾಡಿಸಿದಂತಿರುತ್ತದೆ. ಬೆಳಗ್ಗೆ ಆಗಲೇ ಬಂದಿರುವುದನ್ನು ಮಾತ್ರ ಅವನಿಗೆ ಬಿಡಿ, ಉಳಿದದ್ದನ್ನು ಮನಸ್ಸಿನಲ್ಲಿ ಅಳುಕಿಲ್ಲದೆ ನೀವೇ ಮಾಡಿ. ಅಜ್ಜಿಗೂ ಈ ಏರ್ಪಾಡನ್ನು ತಿಳಿಸಿ, ಚಡ್ಡಿಯ ಯಾವ ಹೆಜ್ಜೆ ಈ ವಾರ ಮೊಮ್ಮಗನದು ಎಂದು ಅವರಿಗೂ ಗೊತ್ತಿರಲಿ. ಒಬ್ಬರು ಬಿಟ್ಟುಕೊಟ್ಟದ್ದನ್ನು ಇನ್ನೊಬ್ಬರು ಮಾಡಿಬಿಟ್ಟರೆ ಕಲಿಕೆ ನಿಲ್ಲುತ್ತದೆ.

ಆಯ್ಕೆ ಕೊಡಿ, ಆದರೆ ಎರಡರಲ್ಲಿ ಒಂದು. ಕಪಾಟು ತೆರೆದು ‘ಯಾವುದು ಬೇಕು’ ಎಂದರೆ ಮುಗಿಯಿತು. ಬಟ್ಟೆಗಳನ್ನು ಹಾಕಿಕೊಳ್ಳುವ ಕ್ರಮದಲ್ಲೇ ಸಾಲಾಗಿ ಇಡಿ. ಅವನು ಹೆಣಗುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು ಕಷ್ಟವಾದರೂ ಅಗತ್ಯ. ‘ಅಲ್ಲ, ಆ ಕಡೆ, ತಿರುಗಿಸು’ ಎಂಬ ಮಾತುಗಳು ಅವನ ಗಮನವನ್ನು ಕೈಯಿಂದ ಕಿವಿಗೆ ಎಳೆಯುತ್ತವೆ. ಮುಗಿದ ಮೇಲೆ ‘ಜಾಣ’ ಎನ್ನುವುದಕ್ಕಿಂತ ‘ಹಿಂದೆ ಸಿಕ್ಕಿಕೊಂಡಿತ್ತು, ನೀನೇ ಬಿಡಿಸಿಕೊಂಡೆ’ ಎಂದರೆ ಮುಂದಿನ ಸಲಕ್ಕೆ ಕೆಲಸಕ್ಕೆ ಬರುತ್ತದೆ. ಅಂಗಿ ಹಿಂದು ಮುಂದಾಗಿದ್ದರೆ ಹಾಗೆಯೇ ಇರಲಿ. ತಿದ್ದಿ ಮತ್ತೆ ತೊಡಿಸಿದಿರೋ, ಅವನು ಮಾಡಿದ ಕೆಲಸ ಕೆಲಸವೇ ಅಲ್ಲ ಎಂದಂತಾಯಿತು. ಪಾದರಕ್ಷೆ ಎಡಬಲವಾದರೆ ಮಾತ್ರ ಎಡವಿ ಬೀಳಬಹುದು. ಒಂದು ಸ್ಟಿಕ್ಕರನ್ನು ಅರ್ಧಕ್ಕೆ ಕತ್ತರಿಸಿ ಎರಡರ ಒಳಗೂ ಅಂಟಿಸಿಬಿಟ್ಟರೆ ಚಿತ್ರ ಕೂಡಿಸಿ ಅವನೇ ಸರಿಮಾಡಿಕೊಳ್ಳುತ್ತಾನೆ. ಬಹುಮಾನದ ಪಟ್ಟಿ ಮಾಡಿ ನಕ್ಷತ್ರ ಅಂಟಿಸುವುದು ಬರುವ ಕೆಲಸವನ್ನು ರೂಢಿಗೆ ತರಲು ಕೆಲವು ವಾರ ನೆರವಾಗಬಹುದು. ಬಾರದ ಕೆಲಸಕ್ಕೆ ಅದನ್ನು ಇಟ್ಟರೆ ಪ್ರತಿದಿನ ಖಾಲಿ ಚೌಕ ನೋಡುವುದೇ ಅವನ ಪಾಲಾಗುತ್ತದೆ.

ನೀವು ಕೇಳಿದ ಕೊನೆಯ ಪ್ರಶ್ನೆ, ಏನಾದರೂ ತೊಂದರೆ ಇರಬಹುದೇ ಎಂಬುದು. ನೀವು ಬರೆದಷ್ಟರಲ್ಲಿ ನನಗೆ ಅಂಥದ್ದು ಕಾಣುತ್ತಿಲ್ಲ. ಆದರೆ ಮಗು ಒಂದೇ ಕೈ ಬಳಸಿ ಇನ್ನೊಂದನ್ನು ಮೈಗೆ ಅಂಟಿಸಿಕೊಂಡಿದ್ದರೆ, ಬರುತ್ತಿದ್ದ ಹಲವು ಕೆಲಸಗಳನ್ನು ಅಥವಾ ಮಾತನ್ನು ಕಳೆದುಕೊಳ್ಳುತ್ತ ಹೋದರೆ, ಕಾಯದೆ ಮಕ್ಕಳ ವೈದ್ಯರಲ್ಲಿಗೆ ಹೋಗಬೇಕು. ಅಪರೂಪಕ್ಕೆ ‘ನೀನೇ ಹಾಕು’ ಎನ್ನುವುದು ಈ ಲೆಕ್ಕಕ್ಕೆ ಸೇರುವುದಿಲ್ಲ. ಬಟ್ಟೆಯ ಜೊತೆಗೆ ಚಮಚ ಹಿಡಿಯುವುದು, ಚಿತ್ರ ಬಿಡಿಸುವುದು, ಮೆಟ್ಟಿಲು ಹತ್ತುವುದು, ಚೆಂಡು ಹಿಡಿಯುವುದು ಎಲ್ಲದರಲ್ಲೂ ಎಡವುತ್ತಿದ್ದರೆ ಚಲನೆಯ ಹೊಂದಾಣಿಕೆಯ ತೊಂದರೆ ಇರಬಹುದು. ಶಾಲೆಗೆ ಹೋಗುವ ಮಕ್ಕಳಲ್ಲಿ ಇದು ನೂರಕ್ಕೆ ಐದಾರು ಮಂದಿಯಲ್ಲಿ ಇರುತ್ತದೆ ಎಂಬ ಅಂದಾಜಿದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಐದು ವರ್ಷಕ್ಕೆ ಮೊದಲು ಸಾಮಾನ್ಯವಾಗಿ ಈ ಹೆಸರು ಕೊಡುವುದಿಲ್ಲವಾದರೂ ನೆರವು ಪಡೆಯಲು ಹೆಸರು ಬರುವವರೆಗೆ ಕಾಯಬೇಕಾಗಿಲ್ಲ. ಹಾಗೆಯೇ ಕಾಲುಚೀಲವೊಂದೇ ಅಲ್ಲದೆ ತಲೆ ಬಾಚುವುದು, ಉಗುರು ಕತ್ತರಿಸುವುದು, ಹಲವು ಬಗೆಯ ಆಹಾರ, ಸದ್ದು ಇವೆಲ್ಲವೂ ಸಹಿಸಲಾಗದಷ್ಟು ಕಾಡುತ್ತಿದ್ದರೆ ಆಕ್ಯುಪೇಷನಲ್ ಥೆರಪಿಸ್ಟ್ (ಉಡುವುದು, ಉಣ್ಣುವುದು ಮುಂತಾದ ದಿನನಿತ್ಯದ ಕೆಲಸಗಳಲ್ಲಿ ತೊಡಕಿರುವವರಿಗೆ ನೆರವಾಗುವ ಚಿಕಿತ್ಸಕರು) ಒಮ್ಮೆ ನೋಡುವುದು ಒಳ್ಳೆಯದು.

ಎರಡು ಮೂರು ತಿಂಗಳು ಹೀಗೆ ಮಾಡಿಯೂ ಚಡ್ಡಿಯಲ್ಲಿ ಒಂದು ಹೆಜ್ಜೆಯೂ ಮುಂದಕ್ಕೆ ಹೋಗದಿದ್ದರೆ ಆಗಲೂ ತೋರಿಸಿ. ಹೋಗುವ ಮುನ್ನ ಅವನು ಚಡ್ಡಿಯನ್ನೂ ಟೀ ಶರ್ಟನ್ನೂ ಹಾಕಿಕೊಳ್ಳಲು ಯತ್ನಿಸುವುದನ್ನು, ನೀವು ನೆರವಾಗದೆ, ಕೈ ಮತ್ತು ಪಾದ ಕಾಣುವಂತೆ ಮೊಬೈಲಿನಲ್ಲಿ ಒಂದೆರಡು ನಿಮಿಷ ಚಿತ್ರೀಕರಿಸಿಕೊಳ್ಳಿ. ಅಪರಿಚಿತ ಕೋಣೆಯಲ್ಲಿ ಮಕ್ಕಳು ಮನೆಯಲ್ಲಿ ಇರುವಂತೆ ಇರುವುದಿಲ್ಲ, ಎಲ್ಲಿ ತೊಡಕಾಗುತ್ತಿದೆ ಎಂಬುದು ನಮಗೆ ಆ ಎರಡು ನಿಮಿಷದಲ್ಲಿ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ. ಶಿಶುವಿಹಾರದ ಶಿಕ್ಷಕಿಯಿಂದಲೂ ಎರಡು ಸಾಲು ಬರೆಸಿಕೊಳ್ಳಿ: ಮೇಲಂಗಿಯ ಹೊರತು ಇನ್ನೇನನ್ನು ಅವನು ತಾನೇ ಮಾಡಿಕೊಳ್ಳುತ್ತಾನೆ, ಯಾವುದಕ್ಕೆ ನೆರವು ಕೇಳುತ್ತಾನೆ ಎಂದು.